ಇಪ್ಪತ್ತು ನಿಮಿಷಕ್ಕೆ ಎಷ್ಟು ಫೋಟೋ ಒಯ್ಯಬೇಕು?

ಪ್ರಶ್ನೆ: ನನಗೆ 29 ವರ್ಷ. ಶಿಡ್ಲಘಟ್ಟದಲ್ಲಿ ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜ್ ಎಲ್ಲ ಮಾಡುತ್ತೇನೆ. ನಾಲ್ಕು ವರ್ಷದಿಂದ, ಬಿಡುವಾದಾಗೆಲ್ಲ, ಇಲ್ಲಿನ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಸುಮಾರು ಆರು ಸಾವಿರ ಇವೆ. ಒಂದು ಫೋಟೋ ಹಬ್ಬದಲ್ಲಿ ಪೋರ್ಟ್‌ಫೋಲಿಯೋ ರಿವ್ಯೂ, ಅಂದರೆ ತಜ್ಞರು ನಮ್ಮ ಫೋಟೋ ನೋಡಿ ಅಭಿಪ್ರಾಯ ಹೇಳುವುದು, ಇದೆ, ಹೋಗು ಅಂತ ಸ್ನೇಹಿತ ಹೇಳುತ್ತಿದ್ದಾನೆ. ಶುಲ್ಕ ಕಟ್ಟಬೇಕು. ಹೋದರೆ ಕೆಲಸ ಸಿಗುತ್ತಾ? ಎಷ್ಟು ಫೋಟೋ ಒಯ್ಯಬೇಕು? ಮದುವೆ ಫೋಟೋಗಳನ್ನೂ ಸೇರಿಸಬೇಕಾ? ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಇನ್ನೊಂದು, ಎಲ್ಲವನ್ನೂ ಕಪ್ಪು-ಬಿಳುಪು ಮಾಡು ಅಂತ ಒಬ್ಬ ಹಿರಿಯರು, ಬಣ್ಣದಲ್ಲೇ ಇರಲಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ? 12 ಫೋಟೋ ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.
— ಒಬ್ಬ ಓದುಗ, ಶಿಡ್ಲಘಟ್ಟ

ಉತ್ತರ: ಮೊದಲು ಕೆಲಸದ ವಿಷಯ ಮುಗಿಸಿಬಿಡೋಣ. ನಿಮ್ಮ ಪತ್ರದ ಜೀವ ಇರುವುದು ಅಲ್ಲೇ ಅಲ್ವಾ? ರಿವ್ಯೂ ಟೇಬಲ್ ಮೇಲೆ ಯಾರೂ ಕೆಲಸ ಕೊಡುವುದಿಲ್ಲ. ನಾನು ತುಮಕೂರಿನವನು, ಎಷ್ಟೋ ವರ್ಷ ಒಂದು ಪತ್ರಿಕೆಯ ಫೋಟೋ ವಿಭಾಗ ನೋಡಿಕೊಂಡೆ. ಆ ಟೇಬಲ್ಲಿನ ಎರಡೂ ಕಡೆ ಕೂತಿದ್ದೇನೆ. ಎದುರಿಗೆ ಕೂತವರಿಗೆ ಅಲ್ಲೇ ಅಸೈನ್‌ಮೆಂಟ್ ಕೊಟ್ಟದ್ದು ಒಂದು ಸಲವೂ ಇಲ್ಲ. ಆದರೆ ಎದ್ದು ಹೋದವರಲ್ಲಿ ಒಬ್ಬಿಬ್ಬರ ಹೆಸರು ನನ್ನ ಡೈರಿಯಲ್ಲಿ ಉಳಿಯುತ್ತಿತ್ತು. ಆರು ತಿಂಗಳಾದ ಮೇಲೆ ಪಾವಗಡಕ್ಕೋ ಮಧುಗಿರಿಗೋ ಯಾರನ್ನಾದರೂ ಕಳಿಸಬೇಕು ಅನ್ನುವಾಗ ಆ ಹೆಸರು ನೆನಪಿಗೆ ಬರುತ್ತಿತ್ತು. ಕೆಲಸ ಬರುವುದು ಹೀಗೆ, ಸುತ್ತಿ ಬಳಸಿ. ಹಬ್ಬ ಮುಗಿಸಿ ಬಸ್ ಹತ್ತುವಾಗ ಕೈ ಖಾಲಿ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ರಿವ್ಯೂ ಹೇಗಿರುತ್ತದೆ ಅಂದರೆ, ಒಂದು ದೊಡ್ಡ ಹಾಲ್, ಸಾಲಾಗಿ ಟೇಬಲ್‌ಗಳು. ಒಂದೊಂದರ ಹಿಂದೆ ಒಬ್ಬೊಬ್ಬರು. ಪತ್ರಿಕೆಯ ಫೋಟೋ ಎಡಿಟರ್, ಮ್ಯೂಸಿಯಂನಲ್ಲಿ ಪ್ರದರ್ಶನ ಜೋಡಿಸುವ ಕ್ಯುರೇಟರ್, ಗ್ಯಾಲರಿಯವರು, ಫೋಟೋ ಪುಸ್ತಕ ಮಾಡುವವರು, ಇನ್ನೊಂದು ಹಬ್ಬ ನಡೆಸುವವರು. ಒಬ್ಬರ ಮುಂದೆ 15ರಿಂದ 20 ನಿಮಿಷ. ಗಂಟೆ ಹೊಡೆದರೆ ಎದ್ದು ಮುಂದಿನ ಟೇಬಲ್. ಫ್ರಾನ್ಸಿನ ಆರ್ಲ್ ಊರಿನಲ್ಲಿ 1970ರಿಂದ ಬೇಸಿಗೆಯಲ್ಲಿ ಫೋಟೋ ಹಬ್ಬ ನಡೆಯುತ್ತದೆ. ಅದನ್ನು ನೋಡಿ ಬಂದ ಫ್ರೆಡ್ ಬಾಲ್ಡ್‌ವಿನ್, ವೆಂಡಿ ವಾಟ್ರಿಸ್ ಜೋಡಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಫೋಟೋಫೆಸ್ಟ್ ಕಟ್ಟಿದರು. 1986ರಲ್ಲಿ ಅದರ ಮೊದಲ ಹಬ್ಬ ನಡೆಯಿತು. ಟೇಬಲ್, ಗಂಟೆ, ಸರದಿ ಅನ್ನುವ ಈ ಪದ್ಧತಿ ಬೆಳೆಯಲು ಅವರ ಕೊಡುಗೆ ದೊಡ್ಡದು. ನಮ್ಮ ಕಡೆ ಢಾಕಾದ ಛೋಬಿ ಮೇಳ 2000ರಲ್ಲಿ ಶುರುವಾಯಿತು. ದೆಹಲಿಯಲ್ಲಿ 2011ರಲ್ಲಿ, ಚೆನ್ನೈನಲ್ಲಿ 2016ರಲ್ಲಿ ಫೋಟೋ ಹಬ್ಬಗಳು ಬಂದವು. ಚೆನ್ನೈ ನಿಮಗೆ ದೂರವೇನಲ್ಲ, ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಯಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ರಾಜ್ಯದಲ್ಲಿ ಫೋಟೋಗ್ರಫಿ ಕಲಿತವರಿಗೆ ಸಲೂನ್, ಅಂದರೆ ಕ್ಲಬ್ಬುಗಳ ಫೋಟೋ ಸ್ಪರ್ಧೆ, ಚೆನ್ನಾಗಿ ಗೊತ್ತು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರದ್ದು. ಇಂಥ ಕ್ಲಬ್‌ಗಳಿಂದಲೇ ಎಷ್ಟೋ ಜನ ಕೈ ಪಳಗಿಸಿಕೊಂಡರು. ಸಲೂನ್‌ನಲ್ಲಿ ಒಂದು ಫೋಟೋಗೆ ಒಂದು ಅಂಕ. ತೀರ್ಪುಗಾರರು ಕೆಲವೇ ಸೆಕೆಂಡ್ ನೋಡುತ್ತಾರೆ, ಬಟನ್ ಒತ್ತುತ್ತಾರೆ. ಅಂಗೀಕಾರಗಳನ್ನು ಕೂಡಿಸುತ್ತಾ ಹೋದರೆ ಹೆಸರಿನ ಮುಂದೆ ಎಎಫ್‌ಐಎಪಿ ಅನ್ನುವ ಅಂತರರಾಷ್ಟ್ರೀಯ ಬಿರುದು ಹಾಕಿಕೊಳ್ಳಬಹುದು. ತಪ್ಪೇನಿಲ್ಲ, ನಾನೂ ಆ ಬಾಗಿಲಿಂದಲೇ ಬಂದವನು. ಆದರೆ ಅಲ್ಲಿ ಗೆಲ್ಲುವ ಫೋಟೋ ಒಂಟಿಯಾಗಿ ನಿಲ್ಲಬೇಕು. ಇಲ್ಲಿ ಇಪ್ಪತ್ತು ಫೋಟೋ ಸೇರಿ ಒಂದು ಮಾತು ಹೇಳಬೇಕು. ಸಲೂನ್‌ನಲ್ಲಿ ಪದಕ ಪಡೆದ ಇಪ್ಪತ್ತು ಚಿತ್ರ ಒಟ್ಟಿಗೆ ತಂದವರನ್ನು ನೋಡಿದ್ದೇನೆ. ಒಂದು ನವಿಲು, ಒಂದು ಕಂಬಳ, ಒಂದು ಲಡಾಖ್, ಮುದುಕರ ಸುಕ್ಕು ಮುಖ ಎರಡು. ಎದುರು ಕೂತವರು ‘ಚೆನ್ನಾಗಿದೆ’ ಅನ್ನುತ್ತಾರೆ. ಆಮೇಲೆ ಏನು ಹೇಳಬೇಕೆಂದು ಅವರಿಗೂ ತೋಚುವುದಿಲ್ಲ. ನಿಮ್ಮ ಹತ್ತಿರ ಆ ತೊಂದರೆ ಇಲ್ಲ. ಒಂದೇ ಊರು, ಒಂದೇ ಕಸುಬು, ನಾಲ್ಕು ವರ್ಷ. ಪುಣ್ಯ ಮಾಡಿದ್ದೀರಿ.

ಈಗ ಸಂಖ್ಯೆಗೆ ಬರೋಣ. ಇದನ್ನು ಹೇಳುವ ಮೊದಲು ನನ್ನದೇ ಪಜೀತಿ ಹೇಳಬೇಕು.

ಮೊದಲ ಸಲ ಹೋದಾಗ ನಾನು ತಿಪಟೂರಿನ ಕೊಬ್ಬರಿ ಮೇಲೆ ಮಾಡಿದ್ದ ಕೆಲಸ ಒಯ್ದಿದ್ದೆ. ತೋಟ, ಅಟ್ಟ, ಕೊಬ್ಬರಿ ಒಡೆಯುವ ಹೆಂಗಸರು, ಮಾರುಕಟ್ಟೆ, ಲಾರಿ. 92 ಪ್ರಿಂಟ್. ಅವನ್ನು ಇಡಲು ಸರಿಯಾದ ಪೆಟ್ಟಿಗೆ ಇರಲಿಲ್ಲ, ಹೆಂಡತಿಯ ರೇಷ್ಮೆ ಸೀರೆಯ ಡಬ್ಬ ಕೇಳಿ ತಂದಿದ್ದೆ. ಕೂತ ತಕ್ಷಣ ಮಾತು ಶುರು ಮಾಡಿದೆ. ಯಾವ ಲೆನ್ಸ್, ಎಷ್ಟು ಸಲ ಹೋದೆ, ಅಟ್ಟದಲ್ಲಿ ಬೆಳಕು ಎಷ್ಟು ಕಮ್ಮಿ. ಏಳೆಂಟು ನಿಮಿಷ ಹೋಗಿಯೇಬಿಟ್ಟಿತು. ಎದುರಿಗಿದ್ದ ಹೆಂಗಸು ಪಾಪ, ಒಂದೊಂದೇ ಪ್ರಿಂಟ್ ತಿರುಗಿಸುತ್ತಾ ಬಂದರು. ನಲವತ್ತನೆಯದೋ ಏನೋ ಕೈಯಲ್ಲಿದ್ದಾಗ ಗಂಟೆ ಹೊಡೆಯಿತು. ನನ್ನ ಒಳ್ಳೆಯ ಫೋಟೋಗಳು ಡಬ್ಬದ ತಳದಲ್ಲಿದ್ದವು. ಕೊನೆಗೆ ಚಪ್ಪಾಳೆ ಬರಲಿ ಅಂತ ಹಾಗೆ ಜೋಡಿಸಿದ್ದೆ! ಅವರು ಡಬ್ಬದ ಮೇಲಿದ್ದ ಜವಳಿ ಅಂಗಡಿಯ ಹೆಸರು ಓದಿ ನಕ್ಕು, ‘ಡಬ್ಬ ಚೆನ್ನಾಗಿದೆ’ ಅಂದರು. ಅಷ್ಟೇ.

ಹಾಗಾಗಿ ಉತ್ತರ: ಇಪ್ಪತ್ತು. ಜಾಸ್ತಿ ಅಂದರೆ 25. ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 1853ರ ಸಂಸ್ಥೆ. ಅಲ್ಲಿ ಲೈಸೆನ್ಶಿಯೇಟ್ ಮನ್ನಣೆಗೆ 10 ಫೋಟೋ ಕೇಳುತ್ತಾರೆ, ಅದರ ಮೇಲಿನ ಅಸೋಸಿಯೇಟ್‌ಗೆ 15. ಒಬ್ಬ ಫೋಟೋಗ್ರಾಫರ್ ಯಾರು ಅಂತ ತಿಳಿಯಲು ಅಷ್ಟು ಸಾಕು ಅಂತ ಅರ್ಥ. ಇನ್ನೊಂದು ಹತ್ತು ಪ್ರಿಂಟ್ ಚೀಲದಲ್ಲಿ ಬೇರೆ ಲಕೋಟೆಯಲ್ಲಿ ಇರಲಿ. ಅವರಾಗಿ ‘ಇನ್ನೂ ಇದೆಯಾ’ ಅಂತ ಕೇಳಿದರೆ ಮಾತ್ರ ಹೊರಗೆ ತೆಗೆಯಿರಿ.

ಆರು ಸಾವಿರದಿಂದ ಇಪ್ಪತ್ತಕ್ಕೆ ಇಳಿಯುವುದು ಕಂಪ್ಯೂಟರ್ ಮುಂದೆ ಆಗುವ ಕೆಲಸ ಅಲ್ಲ. ಪರದೆಯಲ್ಲಿ ಎಲ್ಲ ಫೋಟೋನೂ ಹೊಳೆಯುತ್ತದೆ, ಎಲ್ಲದರ ಮೇಲೂ ಮೋಹ. ಮೊದಲು ಇನ್ನೂರಕ್ಕೆ ಇಳಿಸಿ. ಆ ಇನ್ನೂರನ್ನು 4×6 ಅಳತೆಯಲ್ಲಿ, ನಿಮ್ಮ ಸ್ಟುಡಿಯೋ ಪ್ರಿಂಟ್ ಹಾಕಿಸುವ ಲ್ಯಾಬ್‌ನಲ್ಲೇ ಹಾಕಿಸಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಹರಡಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ಅರ್ಧ ರಾತ್ರಿ ಹಾರಿದ್ದನ್ನು ಹೆಕ್ಕುವುದರಲ್ಲೇ ಕಳೆಯುತ್ತದೆ. ನಿಮ್ಮೂರಲ್ಲಿ ಗೂಡು ಬೇಯಿಸುವ ಮೊದಲು ಹೆಂಗಸರು ಕೂತು ಜೋಡಿ ಗೂಡು, ಕಲೆ ಗೂಡು ಎಲ್ಲ ಬೇರೆ ಮಾಡುತ್ತಾರಲ್ಲ, ಅದನ್ನು ನನಗಿಂತ ನೀವು ಚೆನ್ನಾಗಿ ನೋಡಿದ್ದೀರಿ. ಎರಡು ಹುಳು ಸೇರಿ ಕಟ್ಟಿದ ಗೂಡು ದಪ್ಪಗೆ, ನೋಡಲು ಗಟ್ಟಿಯಾಗಿಯೇ ಇರುತ್ತದೆ. ಬಿಚ್ಚಲು ಹೋದರೆ ಎಳೆಗೆ ಎಳೆ ಸಿಕ್ಕು. ಫೋಟೋಗಳಲ್ಲೂ ಅದೇ. ಒಂದೇ ಮಾತು ಹೇಳುವ ಎರಡು ಒಳ್ಳೆಯ ಚಿತ್ರ ಅಕ್ಕಪಕ್ಕ ಇದ್ದರೆ ಒಂದನ್ನೊಂದು ಕೊಲ್ಲುತ್ತವೆ. ಒಂದನ್ನು ತೆಗೆಯಿರಿ. ಯಾವುದು ಅಂತ ಗೊತ್ತಾಗದಿದ್ದರೆ ತೆಗೆಯಲು ಜಾಸ್ತಿ ಕಷ್ಟಪಟ್ಟದ್ದನ್ನು ಬಿಡಿ. ಕಷ್ಟ ನೋಡುವವರಿಗೆ ಕಾಣುವುದಿಲ್ಲ, ನಮಗೆ ಮಾತ್ರ ಕಾಣುತ್ತದೆ.

ಒಂದು ವಾರ ಹಾಗೇ ಬಿಡಿ. ಮತ್ತೆ ಹರಡಿ. ಅರವತ್ತು ಆಗುತ್ತದೆ. ಅದಾದ ಮೇಲೆ ಫೋಟೋ ಗೊತ್ತಿಲ್ಲದ ಮೂರು ಜನರನ್ನು ಕರೆಯಿರಿ, ಕಾಫಿ ಕೊಡಿ. ಸ್ಟುಡಿಯೋ ಮಿತ್ರರು ಬೇಡ, ಅವರು ಶಾರ್ಪ್‌ನೆಸ್ ನೋಡುತ್ತಾರೆ. ಒಬ್ಬ ಮೇಷ್ಟ್ರು, ನೂಲು ಬಿಚ್ಚುವ ರೀಲರ್ ಒಬ್ಬ, ನಿಮ್ಮ ಅಕ್ಕನೋ ಅತ್ತಿಗೆಯೋ ಒಬ್ಬರು. ಏನನ್ನೂ ವಿವರಿಸಬೇಡಿ. ಯಾವುದನ್ನು ಕೈಗೆತ್ತಿಕೊಂಡರು, ಯಾವುದನ್ನು ದಾಟಿ ಹೋದರು ಅಂತ ಗುರುತು ಹಾಕಿಕೊಳ್ಳಿ.

ಈಗ ನಿಮ್ಮ 12 ಫೋಟೋ. ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಅದರಲ್ಲಿ ಒಂಬತ್ತು ಒಂದೇ ಫೋಟೋ. ಬಾಣಲೆಯಿಂದ ಏಳುವ ಆವಿ, ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲ ಕೋಲು, ನಡುವೆ ಕಪ್ಪಗೆ ಒಬ್ಬ ಮನುಷ್ಯ. ಚೆಂದ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಥ ಬೆಳಕು ಬೆಲ್ಲದ ಆಲೆಮನೆಯಲ್ಲೂ ಸಿಗುತ್ತದೆ, ಅಗರಬತ್ತಿ ಕಾರ್ಖಾನೆಯಲ್ಲೂ ಸಿಗುತ್ತದೆ. ರಿವ್ಯೂ ಮಾಡುವವರು ಬಿಸಿಲ ಕೋಲನ್ನು ಸಾವಿರ ಸಲ ನೋಡಿರುತ್ತಾರೆ. ಒಂದು ಇಟ್ಟುಕೊಳ್ಳಿ, ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೆಯದು. ನೀವು ಅದನ್ನು ನಡುವೆ ಸೇರಿಸಿ ಸುಮ್ನೆ ಬಿಟ್ಟಿದ್ದೀರಿ. ಆವಿ ಇಲ್ಲ, ಬಿಸಿಲ ಕೋಲೂ ಇಲ್ಲ. ಟೀ ಹೊತ್ತು. ಹೆಂಗಸೊಬ್ಬರು ಗೋಡೆಗೆ ಒರಗಿ ಸ್ಟೀಲ್ ಲೋಟ ಹಿಡಿದಿದ್ದಾರೆ. ಮುಖ ಅರ್ಧ ಫ್ರೇಮಿನ ಹೊರಗೆ. ಲೋಟ ಹಿಡಿದ ಬೆರಳ ತುದಿಗಳು ಬೆಳ್ಳಗೆ, ನೀರಿನಲ್ಲಿ ನೆನೆಸಿಟ್ಟ ಅವರೆಕಾಳಿನ ಸಿಪ್ಪೆಯ ಹಾಗೆ ಸುಕ್ಕಾಗಿವೆ. ಲೋಟ ಬಿಸಿ ಇದೆ, ಆದರೂ ಅವರು ಅದನ್ನು ಸೆರಗಿನಲ್ಲಿ ಹಿಡಿದಿಲ್ಲ. ಬೆರಳಿಗೆ ಬಿಸಿ ತಾಗುತ್ತಿಲ್ಲವೇನೋ ಅನ್ನಿಸುತ್ತದೆ. ದಿನವಿಡೀ ಬಿಸಿನೀರಿನಲ್ಲಿ ಎಳೆ ಹುಡುಕುವ ಕೈ ಹೇಗಾಗುತ್ತದೆ ಅನ್ನುವುದು ಆ ಒಂದು ಲೋಟದಲ್ಲಿದೆ. ನಿಮ್ಮ ಕೆಲಸ ಇರುವುದು ಇಲ್ಲಿ. ಆರು ಸಾವಿರದಲ್ಲಿ ಇಂಥವು ಇನ್ನೆಷ್ಟಿವೆ, ಅವನ್ನು ಹುಡುಕಿ. ಕೆಲಸ ನಡೆಯುವಾಗಿನದಲ್ಲ, ಕೆಲಸ ನಿಂತಾಗಿನ ಫೋಟೋಗಳನ್ನು ನೋಡಿ.

ಕಪ್ಪು-ಬಿಳುಪೋ ಬಣ್ಣವೋ? ಸಾಮಾನ್ಯವಾಗಿ ಇದಕ್ಕೆ ಉತ್ತರ ಇಲ್ಲ. ನಿಮ್ಮ ವಿಷಯಕ್ಕೆ ಮಾತ್ರ ಇದೆ, ಅದು ನಿಮ್ಮೂರಿನ ಮಾರುಕಟ್ಟೆಯಲ್ಲೇ ಇದೆ. ಸಿಬಿ (ಮಿಶ್ರತಳಿ) ಗೂಡು ಹಳದಿ, ಬೈವೋಲ್ಟೀನ್ (ದ್ವಿತಳಿ) ಗೂಡು ಬಿಳಿ. ರೇಟೂ ಬೇರೆ, ಬಿಚ್ಚುವ ಯಂತ್ರವೂ ಎಷ್ಟೋ ಕಡೆ ಬೇರೆ. ಕಪ್ಪು-ಬಿಳುಪು ಮಾಡಿದರೆ ಎರಡೂ ಒಂದೇ ಬೂದು ಬಣ್ಣ ಆಗಿಬಿಡುತ್ತದೆ. ಶಿಡ್ಲಘಟ್ಟದ ಜನ ಒಂದೇ ನೋಟಕ್ಕೆ ಓದುವ ವಿಷಯವನ್ನು ನೀವೇ ಅಳಿಸಿದ ಹಾಗೆ. ಬಣ್ಣದಲ್ಲೇ ಇರಲಿ. ಆ ಹಿರಿಯರಿಗೆ ನನ್ನ ಹೆಸರು ಹೇಳಿ ಬೈಸಿಕೊಳ್ಳಬೇಡಿ, ಈ ಕಾರಣ ಹೇಳಿ.

ಈ ಒಂದು ಪ್ರಶ್ನೆಗೇ ಇಬ್ಬರಿಂದ ಎರಡು ಉತ್ತರ ಬಂತಲ್ಲ, ರಿವ್ಯೂನಲ್ಲಿ ಐದು ಟೇಬಲ್‌ಗೆ ಐದು ಬರುತ್ತದೆ. ಕ್ಯುರೇಟರ್ ‘ಅಕ್ಷರ ಕಮ್ಮಿ ಮಾಡಿ’ ಅನ್ನುತ್ತಾರೆ, ಎಡಿಟರ್ ‘ಕ್ಯಾಪ್ಷನ್ ಎಲ್ಲಿ?’ ಅನ್ನುತ್ತಾರೆ. ಗ್ಯಾಲರಿಯವರು ದೊಡ್ಡ ಪ್ರಿಂಟ್ ಮಾಡಿಸಿ ಅಂತಾರೆ, ಪುಸ್ತಕದವರು ಚಿಕ್ಕದೇ ಇರಲಿ ಅಂತಾರೆ. ತಲೆ ಗಿರ್ ಅನ್ನುತ್ತದೆ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ದಾರಿ ಒಂದೇ. ಅವರ ಬಾಯಿ ನೋಡಬೇಡಿ, ಕೈ ನೋಡಿ. ಪ್ರಿಂಟ್ ತಿರುಗಿಸುವ ಕೈ ಎಲ್ಲಿ ನಿಧಾನವಾಯಿತು? ಯಾವುದನ್ನು ಪಕ್ಕಕ್ಕೆ ಎತ್ತಿಟ್ಟಿತು? ಯಾವುದಕ್ಕೆ ಮತ್ತೆ ವಾಪಸ್ ಹೋಯಿತು? ಬಾಯಿ ಅವರ ಹುದ್ದೆಯ ಮಾತು ಆಡುತ್ತದೆ. ಕೈಗೆ ಹುದ್ದೆ ಗೊತ್ತಿಲ್ಲ. ಐದರಲ್ಲಿ ನಾಲ್ಕು ಕೈ ಒಂದೇ ಫೋಟೋ ಮೇಲೆ ನಿಂತರೆ ಅದು ನಿಮ್ಮ ಮೊದಲನೆಯ ಫೋಟೋ. ನಾಲ್ಕು ಕೈ ದಾಟಿ ಹೋದದ್ದು, ನಿಮಗೆ ಎಷ್ಟೇ ಪ್ರಿಯವಾಗಿರಲಿ, ಡಬ್ಬಕ್ಕೆ.

ಇದಕ್ಕೇ ನಾನು ಲ್ಯಾಪ್‌ಟಾಪ್‌ಗಿಂತ ಪ್ರಿಂಟ್ ಒಯ್ಯಿರಿ ಅನ್ನುವುದು. ಲ್ಯಾಪ್‌ಟಾಪ್‌ನಲ್ಲಿ ಕೈ ಬರೀ ಬಾಣದ ಗುರುತು ಒತ್ತುತ್ತದೆ, ಏನೂ ಹೇಳುವುದಿಲ್ಲ. ಜೊತೆಗೆ ನಾಲ್ಕು ಪ್ರಿಂಟ್ ಅಕ್ಕಪಕ್ಕ ಇಟ್ಟು ಕ್ರಮ ಬದಲಿಸಿ ನೋಡುವುದಕ್ಕೂ ಆಗುವುದಿಲ್ಲ. 8×12 ಅಳತೆ ಸಾಕು. ನಿಮ್ಮ ಕ್ಯಾಮೆರಾದ 3:2 ಫ್ರೇಮ್ ಅದರಲ್ಲಿ ಒಂದಿಷ್ಟೂ ಕತ್ತರಿಸದೆ ಕೂರುತ್ತದೆ. 8×10 ಮಾಡಿಸಿದರೆ ಅಂಚು ಹೋಗುತ್ತದೆ, ನಿಮ್ಮ ಏಳನೆಯ ಫೋಟೋದಲ್ಲಿ ಅರ್ಧ ಮುಖವೂ ಹೋಗುತ್ತದೆ. ಮ್ಯಾಟ್ ಕಾಗದ ಹಾಕಿಸಿ. ಹಾಲ್‌ಗಳಲ್ಲಿ ಮೇಲೆ ಟ್ಯೂಬ್‌ಲೈಟ್ ಇರುತ್ತದೆ, ಗ್ಲಾಸಿ ಆದರೆ ಫೋಟೋ ಬದಲು ಟ್ಯೂಬ್‌ಲೈಟ್ ಕಾಣುತ್ತದೆ. ಮದುವೆ ಆಲ್ಬಂಗೆ ಹಾಕುವ ಹೊಳಪು, ಬಾರ್ಡರ್, ಚಿನ್ನದ ಅಕ್ಷರದ ಹೆಸರು ಯಾವುದೂ ಬೇಡ. ಮೂಲೆಯಲ್ಲಿ ಸ್ಟುಡಿಯೋ ವಾಟರ್‌ಮಾರ್ಕ್ ಅಂತೂ ಬೇಡವೇ ಬೇಡ.

ಯಾರ ಮುಂದೆ ಕೂರಬೇಕು ಅಂತ ಆರಿಸುವ ಅವಕಾಶ ಸಾಮಾನ್ಯವಾಗಿ ಕೊಡುತ್ತಾರೆ. ದೊಡ್ಡ ಹೆಸರು ನೋಡಿ ಆರಿಸಬೇಡಿ. ಗ್ಯಾಲರಿಯವರಿಗೆ ಗೋಡೆ ಮೇಲೆ ಮಾರಾಟವಾಗುವ ಪ್ರಿಂಟ್ ಬೇಕು. ನಿಮ್ಮ ಕೆಲಸ ಸದ್ಯಕ್ಕೆ ಅದಲ್ಲ. ಪತ್ರಿಕೆಯ ಫೋಟೋ ಎಡಿಟರ್ ಒಬ್ಬರು, ದುಡಿಮೆ ಅಥವಾ ಜವಳಿ ಬಗ್ಗೆ ಪ್ರದರ್ಶನ ಮಾಡಿರುವ ಕ್ಯುರೇಟರ್ ಒಬ್ಬರು, ಹೀಗೆಯೇ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಫೋಟೋಗ್ರಾಫರ್ ಒಬ್ಬರು ಸಿಕ್ಕರೆ ಸಾಕು. ಮೂರು ಟೇಬಲ್ ಒಂದು ದಿನಕ್ಕೆ ಬೇಕಾದಷ್ಟು. ಅವರು ಏನು ಮಾಡಿದ್ದಾರೆ ಅಂತ ಹಿಂದಿನ ವಾರವೇ ನೋಡಿಟ್ಟುಕೊಳ್ಳಿ. ‘ನೀವು ಏನು ಮಾಡ್ತೀರಿ ಸಾರ್?’ ಅಂತ ಶುರು ಮಾಡಿದರೆ ಐದು ನಿಮಿಷ ಹಾಳು.

ಇಂಗ್ಲಿಷ್ ಬಗ್ಗೆ ನೀವು ಅಂದುಕೊಂಡಷ್ಟು ಚಿಂತೆ ಬೇಕಿಲ್ಲ. ನಿಮ್ಮ ಕಡೆಯವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಹುಟ್ಟಿನಿಂದಲೇ ಬಾಯಲ್ಲಿರುತ್ತದೆ. ತುಮಕೂರಿನ ನಮಗೆ ಅದು ಯಾವತ್ತೂ ಹೊಟ್ಟೆಕಿಚ್ಚು. ಟೇಬಲ್ ಹಿಂದೆ ಕೂತ ಭಾರತದವರಲ್ಲಿ ಬಹಳ ಜನಕ್ಕೆ ಇವುಗಳಲ್ಲಿ ಒಂದಾದರೂ, ಇಲ್ಲವೇ ಹಿಂದಿಯಾದರೂ ಅರ್ಥವಾಗುತ್ತದೆ. ಹೊರದೇಶದವರಾದರೆ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದೇ ಅಂತ ಹಬ್ಬದವರನ್ನು ಮೊದಲೇ ಕೇಳಿ. ನಾಲ್ಕು ವಾಕ್ಯ ಮಾತ್ರ ಸಿದ್ಧ ಮಾಡಿ, ಮೊದಲು ಕನ್ನಡದಲ್ಲಿ. ನಾನು ಯಾರು. ಇದು ಎಲ್ಲಿ, ಯಾರ ಕೆಲಸ. ನಾನು ಯಾಕೆ ಇದನ್ನು ತೆಗೆಯುತ್ತಿದ್ದೇನೆ. ನಿಮ್ಮಿಂದ ನನಗೆ ಏನು ತಿಳಿಯಬೇಕು. ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ, ಅದೇ ಬೇಕಾದದ್ದು. ‘ಹೇಗಿದೆ ಹೇಳಿ’ ಅಂದರೆ ‘ಚೆನ್ನಾಗಿದೆ’ ಅನ್ನುತ್ತಾರೆ. ‘ಇದರಲ್ಲಿ ಮನೆಯೊಳಗಿನ ಫೋಟೋ ಇಲ್ಲ, ಬೇಕು ಅನ್ನಿಸುತ್ತಾ?’ ಅಂತ ಕೇಳಿದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಮಾತಾಡುತ್ತಾರೆ.

ಮೂರನೆಯ ವಾಕ್ಯಕ್ಕೆ ಸುಳ್ಳು ಹೇಳಬೇಡಿ. ‘ಅಳಿಯುತ್ತಿರುವ ಪರಂಪರೆಯನ್ನು ದಾಖಲಿಸುತ್ತಿದ್ದೇನೆ’ ಅಂತ ಎಲ್ಲರೂ ಬರೆಯುತ್ತಾರೆ. ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ಅಂತ ನಿಮ್ಮೂರಿನದನ್ನು ಕರೆಯುತ್ತಾರೆ, ಬೆಳಗಾದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಳಿಯುವ ಮಾತು ಯಾಕೆ? ಇಲ್ಲಿ ಹಾಕದೆ ಬಿಟ್ಟ ನಿಮ್ಮ ಪತ್ರದ ಕೊನೆಯ ಭಾಗದಲ್ಲಿ, ಚಿಕ್ಕವರಿದ್ದಾಗ ಅಮ್ಮನ ಸೀರೆಯಿಂದ ಗೂಡು ಬೇಯಿಸಿದ ವಾಸನೆ ಬರುತ್ತಿತ್ತು, ಶಾಲೆಯಲ್ಲಿ ಪಕ್ಕ ಕೂತ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು ಅಂತ ಒಂದು ಸಾಲು ಇದೆ. ಅದನ್ನೇ ಹೇಳಿ. ವಾಸನೆಯನ್ನು ಫೋಟೋ ತೆಗೆಯಲು ಆಗುವುದಿಲ್ಲ. ನಾಲ್ಕು ವರ್ಷದಿಂದ ನೀವು ಮಾಡುತ್ತಿರುವುದು ಬಹುಶಃ ಅದೇ ಪ್ರಯತ್ನ.

ಮದುವೆ ಫೋಟೋ ಸೇರಿಸಬೇಡಿ. ರೇಷ್ಮೆ ಕೆಲಸದ ಜೊತೆ ಬೆರೆಸಿದರೆ ಎರಡೂ ಕೆಡುತ್ತವೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾನೂನಿನದು, ಸ್ಟುಡಿಯೋ ಇಟ್ಟ ಬಹಳ ಜನಕ್ಕೆ ಗೊತ್ತಿಲ್ಲದ್ದು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರೋ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಕ್ಯಾಮೆರಾ ನಿಮ್ಮದು, ಕಣ್ಣು ನಿಮ್ಮದು, ಹಕ್ಕು ಮದುವೆ ಮನೆಯವರದು! ಮುಂದಿನ ಸೀಸನ್‌ನಿಂದ ಬುಕಿಂಗ್ ರಸೀದಿಯಲ್ಲೇ ‘ಆಯ್ದ ಫೋಟೋಗಳನ್ನು ನನ್ನ ಕೆಲಸ ತೋರಿಸಲು ಬಳಸಬಹುದು’ ಅಂತ ಒಂದು ಸಾಲು ಹಾಕಿ, ಸಹಿ ಮಾಡಿಸಿಕೊಳ್ಳಿ. ರೇಷ್ಮೆ ಫೋಟೋಗಳು ನಿಮ್ಮ ಇಷ್ಟಕ್ಕೆ ತೆಗೆದವು, ಅವುಗಳ ಹಕ್ಕು ನಿಮ್ಮದೇ. ನೀವು ಬದುಕಿರುವಷ್ಟು ಕಾಲ, ಆಮೇಲೂ 60 ವರ್ಷ ಇರುತ್ತದೆ. ಹಾಗಾಗಿ ‘ಎಲ್ಲ ಹಕ್ಕೂ ನಮಗೆ’ ಅನ್ನುವ ಸ್ಪರ್ಧೆಗಳಿಗೆ, ದುಡ್ಡು ಕಟ್ಟಿದರೆ ಪ್ರದರ್ಶನ ಅನ್ನುವವರಿಗೆ ಕೊಡಬೇಡಿ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆ. ನಿಮ್ಮ ಹತ್ತನೆಯ ಫೋಟೋದಲ್ಲಿ ಚರಕದ ಪಕ್ಕ ಕೂತಿರುವ ಹುಡುಗಿಗೆ ವಯಸ್ಸೆಷ್ಟು? ಅಮ್ಮನ ಜೊತೆ ಸುಮ್ನೆ ಬಂದಿದ್ದಾಳೋ, ಕೆಲಸ ಮಾಡುತ್ತಿದ್ದಾಳೋ ಫೋಟೋದಲ್ಲಿ ತಿಳಿಯುತ್ತಿಲ್ಲ. ಕಾನೂನು ಮೀರಿ ದುಡಿಸುತ್ತಿರುವ ಮಗುವಿನ ಗುರುತು ಸಿಗುವ ಹಾಗೆ ಮಾಧ್ಯಮದಲ್ಲಿ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ತಡೆಯುತ್ತದೆ. ಗೊತ್ತಾಗುವ ತನಕ ಆ ಫೋಟೋ ಹೊರಗೆ ತೆಗೆಯಬೇಡಿ. ಒಳ್ಳೆಯ ಎಡಿಟರ್ ಇದನ್ನು ಖಂಡಿತ ಕೇಳುತ್ತಾರೆ, ಆಗ ನಿಮ್ಮ ಹತ್ತಿರ ಉತ್ತರ ಇರಬೇಕು.

ಶುಲ್ಕದ ವಿಷಯ. ಸಾಲ ಮಾಡಿ ಹೋಗಬೇಡಿ. ಒಂದು ಮದುವೆ ಆರ್ಡರಿನಲ್ಲಿ ಕೈಯಲ್ಲಿ ಉಳಿಯುವ ದುಡ್ಡಿಗಿಂತ ಜಾಸ್ತಿ ಆಗುತ್ತದೆ ಅಂದರೆ ಈ ವರ್ಷ ಬಿಡಿ. ದುಡ್ಡಿಲ್ಲದ ದಾರಿಗಳೂ ಇವೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು 2013ರಲ್ಲಿ ರಿವ್ಯೂ ಶುರು ಮಾಡಿದಾಗ ಶುಲ್ಕವನ್ನೇ ಇಡಲಿಲ್ಲ, ಕೆಲಸ ನೋಡಿ ಆರಿಸಿದರು. ಕಾಂಬೋಡಿಯಾದ ಅಂಕೋರ್ ಫೋಟೋ ಹಬ್ಬ 2005ರಿಂದ ಏಷ್ಯಾದ ಎಳೆಯ ಫೋಟೋಗ್ರಾಫರ್‌ಗಳಿಗೆ ಶುಲ್ಕವಿಲ್ಲದ ಕಾರ್ಯಾಗಾರ ನಡೆಸಿಕೊಂಡು ಬಂದಿದೆ. ಪ್ರಯಾಣದ ಖರ್ಚು ಬೇರೆ, ಅದನ್ನೂ ಲೆಕ್ಕ ಹಾಕಿ. ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಗೂ ಪ್ರವೇಶ ಶುಲ್ಕ ಇಲ್ಲ. ಅದರ ದೀರ್ಘಾವಧಿ ವಿಭಾಗಕ್ಕೆ 24ರಿಂದ 30 ಫೋಟೋ, ಕನಿಷ್ಠ ಮೂರು ಬೇರೆ ಬೇರೆ ವರ್ಷಗಳಲ್ಲಿ ತೆಗೆದವು ಬೇಕು. ನಿಮ್ಮ ನಾಲ್ಕು ವರ್ಷ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಗೆಲ್ಲುತ್ತೀರಿ ಅಂತ ಅಲ್ಲ, ಆ 24 ಆರಿಸುವ ಕೆಲಸವೇ ಒಂದು ರಿವ್ಯೂ.

ಹತ್ತಿರದಲ್ಲಿ ನೋಡಿದರೆ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಿಂದ ಇದೆ. ಕಲೆಯ ಕೆಲಸಗಳಿಗೆ ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂಗೆ ಒಂದು ದಿನ ಹೋಗಿ ಬನ್ನಿ. ಕೆಲಸ ಕೇಳಲು ಅಲ್ಲ. ಗೋಡೆ ಮೇಲೆ ಫೋಟೋಗಳನ್ನು ಯಾವ ಕ್ರಮದಲ್ಲಿ ಹಾಕಿದ್ದಾರೆ, ಯಾವುದು ದೊಡ್ಡದು, ಯಾವುದು ಚಿಕ್ಕದು, ಪಕ್ಕದಲ್ಲಿ ಎಷ್ಟು ಸಾಲು ಬರೆದಿದ್ದಾರೆ ಅಂತ ನೋಡಲು. ಮತ್ತೆ, ಕೆಲಸ ಅಂತ ಕೇಳಿದಿರಲ್ಲ, ಕೇಂದ್ರ ರೇಷ್ಮೆ ಮಂಡಳಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ರೇಷ್ಮೆ ಬಗ್ಗೆ ಪುಸ್ತಿಕೆ ಮಾಡುವವರು, ಸೀರೆ ಮಾರುವ ಬ್ರಾಂಡ್‌ಗಳು, ಕಾರ್ಮಿಕರ ನಡುವೆ ಕೆಲಸ ಮಾಡುವ ಸಂಸ್ಥೆಗಳು ಇವೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದ್ದುಕೊಂಡು ಈ ಕಸುಬನ್ನು ಒಳಗಿಂದ ಬಲ್ಲ ಫೋಟೋಗ್ರಾಫರ್ ಎಷ್ಟು ಜನ ಸಿಗುತ್ತಾರೆ ಅವರಿಗೆ? ಹ್ಯೂಸ್ಟನ್‌ಗಿಂತ ಮೊದಲು ಈ ಬಾಗಿಲು ತಟ್ಟಿ.

ಹೋಗುವುದೇ ಆದರೆ ಮುಗಿದ ಮೇಲಿನ ಕೆಲಸ ಮರೆಯಬೇಡಿ. ಅಲ್ಲಿ ಕೂತಾಗ ಬರೆದುಕೊಳ್ಳುತ್ತಾ ಕೂರಬೇಡಿ, ಕಣ್ಣು ಕಾಗದದ ಮೇಲಿದ್ದರೆ ಕೈ ಕಾಣುವುದಿಲ್ಲ. ಎದ್ದ ಕೂಡಲೇ ಮೂಲೆಗೆ ಹೋಗಿ ನೆನಪಿದ್ದಷ್ಟು ಬರೆಯಿರಿ, ಇಲ್ಲವೇ ಮೊಬೈಲ್‌ಗೆ ಹೇಳಿ ರೆಕಾರ್ಡ್ ಮಾಡಿ. ವಾದ ಮಾಡಬೇಡಿ. ‘ಇಲ್ಲ ಸಾರ್, ಅದು ಯಾಕಂದ್ರೆ...’ ಅಂತ ಶುರು ಮಾಡುವವರನ್ನು ಕಂಡರೆ ನನಗೇ ಗಂಟೆ ಬೇಗ ಹೊಡೆಯಲಿ ಅನ್ನಿಸುತ್ತಿತ್ತು. ಒಂದು ವಾರದೊಳಗೆ ಚಿಕ್ಕ ಇಮೇಲ್ ಕಳಿಸಿ. ನಾಲ್ಕು ಸಾಲು, ಅವರ ಕೈ ನಿಂತ ಒಂದು ಫೋಟೋ, ಫೋನ್ ನಂಬರ್. ಇಪ್ಪತ್ತು ಫೋಟೋ ಅಂಟಿಸಬೇಡಿ, ಡ್ರೈವ್ ಲಿಂಕ್‌ಗೆ ಅನುಮತಿ ಕೊಡದೆ ಕಳಿಸಬೇಡಿ. ನನಗೆ ಬಂದ ಲಿಂಕ್‌ಗಳಲ್ಲಿ ಎಷ್ಟೋ ತೆರೆಯುತ್ತಲೇ ಇರಲಿಲ್ಲ. ಉತ್ತರ ಬರದಿದ್ದರೆ ದಿನಾ ಕೇಳಬೇಡಿ. ಆರು ತಿಂಗಳ ಮೇಲೆ ಹೊಸ ಫೋಟೋ ಐದು ಸೇರಿದಾಗ ಮತ್ತೆ ಬರೆಯಿರಿ. ‘ನೀವು ಮನೆಯೊಳಗೆ ಹೋಗಿ ಅಂದಿರಿ, ಹೋದೆ’ ಅಂತ ಶುರುವಾಗುವ ಇಮೇಲ್ ಅನ್ನು ಯಾವ ಎಡಿಟರೂ ಅಳಿಸುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಸಲದ ಹಬ್ಬಕ್ಕೆ ಹೋಗಬೇಡಿ. ಕೆಲಸ ಸಾಲದು ಅಂತ ಅಲ್ಲ, ನೀವಿನ್ನೂ ಅದನ್ನು ಆರಿಸಿಲ್ಲ. ಚಾಪೆ ಹಾಸಿ, ಇಪ್ಪತ್ತಕ್ಕೆ ಇಳಿಸಿ, ಮುಂದಿನ ವರ್ಷ ಹೋಗಿ. ನಡುವೆ ಆ ಇಪ್ಪತ್ತನ್ನು ನನಗೂ ಕಳಿಸಿ.

ಒಂದು ಮಾತು ಬಿಟ್ಟೆ. ಹನ್ನೆರಡಕ್ಕೂ ನೀವು ಕ್ಯಾಪ್ಷನ್ ಬರೆದಿದ್ದೀರಿ. ಘಟಕದ ಯಜಮಾನರ ಹೆಸರು ಮೂರು ಕಡೆ ಇದೆ. ಏಳನೆಯದರ ಕೆಳಗೆ ಬರೀ ‘ಮಹಿಳಾ ಕಾರ್ಮಿಕೆ’ ಅಂತ ಇದೆ. ಅವರ ಹೆಸರೇನು, ಎಷ್ಟು ವರ್ಷದಿಂದ ಈ ಕೆಲಸ, ಫೋಟೋ ತೋರಿಸಿದರೆ ಏನನ್ನುತ್ತಾರೆ? ನಾಳೆ ಟೀ ಹೊತ್ತಿಗೆ ಒಂದು ಪ್ರಿಂಟ್ ಹಿಡಿದುಕೊಂಡು ಹೋಗಿ ಕೇಳಿ ಬನ್ನಿ.